ಚೀಟಿ ಹೆಂಡತಿಯದು, ರೋಗ ಇಬ್ಬರದು



ವರದಕ್ಷಿಣೆ, ಹೊಡೆತ-ಬಡಿತದ ಬಗ್ಗೆ ಮಾತಾಡುವ ಸಭೆಯಲ್ಲಿ ಸಿಫಿಲಿಸ್ ರೋಗದ ಮಾತೇಕೆ ಎಂದು ನಿಮಗನ್ನಿಸಬಹುದು. ಬಸುರಿಯ ರಕ್ತಪರೀಕ್ಷೆಯ ಚೀಟಿಯೂ ಅವಳನ್ನು ಹೊಡೆಯಲು, ತವರಿಗೆ ಅಟ್ಟಲು ನೆಪವಾಗುತ್ತದೆ. ಅದಕ್ಕೇ ಈ ಮಾತು.

ನಮ್ಮ ಹಿರಿಯರು ಇದನ್ನು ಪರಂಗಿ ರೋಗ ಎನ್ನುತ್ತಿದ್ದರು. ದೇಹಸಂಪರ್ಕದಿಂದ ಹರಡುತ್ತದೆ. ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ತಾನಾಗಿ ಮಾಯುತ್ತದೆ. ಹೆಂಗಸರಲ್ಲಿ ಅದು ಒಳಗೇ ಆದರೆ ಕಣ್ಣಿಗೂ ಬೀಳದು. ರೋಗ ಮಾತ್ರ ವರ್ಷಗಟ್ಟಲೆ ಅಡಗಿದ್ದು, ಬಸಿರಾದಾಗ ಮಗುವಿಗೆ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2016ರಲ್ಲಿ ಈ ರೋಗದಿಂದ ಜಗತ್ತಿನಲ್ಲಿ ಸುಮಾರು 1,43,000 ಶಿಶುಗಳು ಹೊಟ್ಟೆಯಲ್ಲೇ ತೀರಿಕೊಂಡವು. 61,000 ಹಸುಗೂಸುಗಳು ಹುಟ್ಟಿದ ತಿಂಗಳೊಳಗೆ ಸತ್ತವು.

ಇಂಥ ಸಾವಾದಾಗ ಮನೆಯವರು ಏನನ್ನುತ್ತಾರೆ? 'ಇವಳು ಹಡೆದದ್ದು ಉಳಿಯುವುದಿಲ್ಲ.' ಗಂಡನಿಗೆ ಎರಡನೇ ಹೆಣ್ಣು ನೋಡಲು ಶುರುಮಾಡುತ್ತಾರೆ. ಅವನ ರಕ್ತ ಪರೀಕ್ಷೆ ಮಾಡಿಸಿ ಎಂದು ಯಾರೂ ಹೇಳುವುದಿಲ್ಲ.

ಔಷಧ ಹಳೆಯದು, ಅಗ್ಗದ್ದು: ಬೆಂಜಥೈನ್ ಪೆನಿಸಿಲಿನ್. ರೋಗ ಹೊಸದಾದರೆ 24 ಲಕ್ಷ ಯೂನಿಟ್ಟಿನ ಒಂದು ಡೋಸ್ ಸಾಕು. ಹಳೆಯದಾದರೆ ವಾರಕ್ಕೊಂದರಂತೆ ಮೂರು. ಹೆರಿಗೆಗೆ ಕನಿಷ್ಠ 30 ದಿನ ಮೊದಲು ಚಿಕಿತ್ಸೆ ಶುರುವಾಗಿರಬೇಕು. ಆದ್ದರಿಂದಲೇ ಮೊದಲ ಮೂರು ತಿಂಗಳಲ್ಲೇ ಪರೀಕ್ಷೆ ಆಗಬೇಕು.

ಈಗ ಸರ್ಕಾರದ ಲೆಕ್ಕಕ್ಕೆ ಬರೋಣ. 1998ರಲ್ಲಿ ದೇಶದಾದ್ಯಂತ ಎಚ್‌ಐವಿ ಸಮೀಕ್ಷೆ ಶುರುವಾದಾಗ, ಬಸುರಿಯರಿಂದ ಸಿಫಿಲಿಸ್ ಪರೀಕ್ಷೆಗೆಂದು ತೆಗೆದ ರಕ್ತದಲ್ಲಿ ಉಳಿದದ್ದನ್ನೇ ಹೆಸರು ಅಳಿಸಿ ಪರೀಕ್ಷಿಸುತ್ತಿದ್ದರು. ದೇಶದ ರೋಗ ಅಳೆಯಲು ನಮ್ಮ ತೋಳೇ ಬೇಕಾಯಿತು! ತಾಯಿಯಿಂದ ಮಗುವಿಗೆ ರೋಗ ದಾಟುವುದನ್ನು ತಡೆದಿದ್ದೇವೆ ಎನ್ನುವ ದೇಶಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಅಳತೆ ಹೀಗಿದೆ: ಬಸುರಿಯರಲ್ಲಿ ಶೇ. 95 ಮಂದಿ ತಪಾಸಣೆಗೆ ಬರಬೇಕು, ಶೇ. 95 ಮಂದಿಗೆ ಪರೀಕ್ಷೆಯಾಗಬೇಕು, ರೋಗವಿದ್ದವರಲ್ಲಿ ಶೇ. 95 ಮಂದಿಗೆ ಚಿಕಿತ್ಸೆ ಸಿಗಬೇಕು. 2015ರಲ್ಲಿ ಕ್ಯೂಬಾ, 2019ರಲ್ಲಿ ನೆರೆಯ ಶ್ರೀಲಂಕಾ ಈ ಮನ್ನಣೆ ಪಡೆದವು. ಇದು ಆಗದ ಕೆಲಸವಲ್ಲ. ಆದರೆ ಗಮನಿಸಿ, ಈ ಮೂರೂ ಲೆಕ್ಕ ಹೆಂಗಸಿನವು. ಗಂಡನಿಗೆ ಚಿಕಿತ್ಸೆ ಆಗದಿದ್ದರೆ ಇಂಜೆಕ್ಷನ್ ತೆಗೆದುಕೊಂಡವಳಿಗೆ ಅದೇ ಹಾಸಿಗೆಯಲ್ಲಿ ರೋಗ ಮತ್ತೆ ಅಂಟುತ್ತದೆ.

ಇನ್ನು ಆ ಚೀಟಿ. ವಿಡಿಆರ್‌ಎಲ್ ಪರೀಕ್ಷೆ ರೋಗವಿಲ್ಲದ ಬಸುರಿಯಲ್ಲೂ ಕೆಲವೊಮ್ಮೆ 'ಪಾಸಿಟಿವ್' ತೋರಿಸುತ್ತದೆ. ಅದನ್ನು ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಆ ಇನ್ನೊಂದು ಬಗೆಯ ಪರೀಕ್ಷೆಯೋ, ವಾಸಿಯಾದವಳಲ್ಲೂ ಬಹುಪಾಲು ಜೀವನಪೂರ್ತಿ 'ಪಾಸಿಟಿವ್' ಎನ್ನುತ್ತಲೇ ಇರುತ್ತದೆ. ರೋಗ ಯಾರಿಂದ ಬಂತು ಎಂದು ಯಾವ ಚೀಟಿಯೂ ಹೇಳುವುದಿಲ್ಲ. ಮೊದಲು ಪರೀಕ್ಷೆಯಾದದ್ದು ಹೆಂಡತಿಗೆ, ಅದಕ್ಕೇ ಮೊದಲು ಗೊತ್ತಾದದ್ದು ಅವಳದು. ಮೊದಲು ಗೊತ್ತಾದವಳೇ ರೋಗ ತಂದವಳು ಎನ್ನುವುದು ಯಾವ ನ್ಯಾಯ?

ನಾವು ಕೇಳಬೇಕಾದದ್ದು ಇಷ್ಟು. ಫಲಿತಾಂಶವನ್ನು ಅತ್ತೆಗಲ್ಲ, ಗಂಡನಿಗಲ್ಲ, ಮೊದಲು ಅವಳೊಬ್ಬಳಿಗೇ ಹೇಳಲಿ. ಚಿಕಿತ್ಸೆ ಅಂದೇ ಶುರುವಾಗಲಿ. ಗಂಡನನ್ನು ಕರೆಸುವ ಮುನ್ನ 'ಮನೆಯಲ್ಲಿ ಹೊಡೆಯುತ್ತಾರೆಯೇ?' ಎಂದು ನರ್ಸಮ್ಮ ಕೇಳಲಿ. ಹೊಡೆತ ತಿಂದವಳು ಕೇಳಿದರೆ ಚಿಕಿತ್ಸೆ ಕೊಡಲೇಬೇಕೆಂದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಆಸ್ಪತ್ರೆಗಳಿಗೆ ಹೇಳಿದೆ. ಎಷ್ಟು ಗಂಡಂದಿರಿಗೆ ಪರೀಕ್ಷೆ, ಚಿಕಿತ್ಸೆ ಆಯಿತು ಎಂಬ ಲೆಕ್ಕವನ್ನೂ ಪ್ರತಿ ತಿಂಗಳು ಬರೆಯಲಿ.

ನಿಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಹೋದಾಗ ಈ ಕೊನೆಯ ಲೆಕ್ಕವನ್ನು ಕೇಳಿ. ಒಬ್ಬಳೇ ಹೋಗಬೇಡಿ, ಸಂಘದ ಹತ್ತು ಹೆಂಗಸರು ಒಟ್ಟಿಗೆ ಹೋಗಿ ಕೇಳಿ.