ಕಾರ್ಟೂನು ಮಕ್ಕಳಿಗಷ್ಟೇ ಸೇರಿದ್ದೆ?

ಈಗೀಗ ನಮ್ಮ ಮನೆಗಳಲ್ಲಿ ಎರಡು ಆಕ್ಷೇಪಗಳು ಮೇಲಿಂದ ಮೇಲೆ ಕೇಳಿಬರುತ್ತವೆ. ಒಂದು, "ಕೆಲಸಕ್ಕ ಸೇರಿದ ಹುಡುಗ, ಇನ್ನೂ ಕಾರ್ಟೂನು ನೋಡ್ಕೋತ ಕೂಡ್ತಾನ." ಇನ್ನೊಂದು, "ಅದರಾಗ ಬರೀ ದೆವ್ವ, ರಾಕ್ಷಸರು, ಯಾವ್ಯಾವ ದೇಶದ ದೇವರೋ ಏನೋ. ನಮ್ಮ ಧರ್ಮಕ್ಕ ಹೊಂದಂಗಿಲ್ಲ." ಈ ಮಾತು ಹುಟ್ಟುವುದು ಹೆಚ್ಚಾಗಿ ಜಪಾನಿನ ಅನಿಮೆ ಚಿತ್ರಗಳನ್ನು ಕಂಡು. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಡೆ ಕನ್ನಡದ ಜೊತೆಗೆ ತೆಲುಗೂ ಬಲ್ಲವರು ಬಹಳ. ಹಾಗಾಗಿ ತೆಲುಗಿಗೆ ಡಬ್ ಆದ ಅನಿಮೆಗಳೂ ನಮ್ಮ ಹುಡುಗ ಹುಡುಗಿಯರಿಗೆ ಸಲೀಸಾಗಿ ದಕ್ಕುತ್ತವೆ. ಹಿರಿಯರ ಆತಂಕವನ್ನು ತಳ್ಳಿಹಾಕದೆ, ಕಿರಿಯರ ಪ್ರೀತಿಯನ್ನು ಹಗುರ ಮಾಡದೆ, ಈ ಎರಡೂ ಆಕ್ಷೇಪಗಳನ್ನು ಇಂದು ನೋಡೋಣ.

ಇಂಥ ಆತಂಕ ನಮ್ಮೂರಿಗೆ ಮಾತ್ರ ಬಂದದ್ದಲ್ಲ. ಅನಿಮೆಯಾಗಿಯೂ ಬಂದ ಜಪಾನಿನ 'ಪೋಕೆಮಾನ್' ಆಟದಲ್ಲಿ ಜೂಜಿನ ಗುಣವಿದೆ, ಜೀವವಿಕಾಸದ ಕಲ್ಪನೆಯಿದೆ ಎಂದು ಸೌದಿ ಅರೇಬಿಯಾದ ಧರ್ಮಗುರುಗಳು 2001ರಲ್ಲಿ ಅದನ್ನು ನಿಷೇಧಿಸಿದರು. ಅದಕ್ಕೆ ಒಂದು ವರ್ಷ ಮೊದಲು ಕ್ಯಾಥೊಲಿಕ್ ಚರ್ಚಿಗೆ ಸೇರಿದ ಟಿ.ವಿ. ವಾಹಿನಿ, ಅದೇ ಆಟ ಮಕ್ಕಳ ಕಲ್ಪನೆಯನ್ನು ಬೆಳೆಸುತ್ತದೆ ಎಂದು ಮೆಚ್ಚಿಕೊಂಡಿತ್ತು. 2016ರಲ್ಲಿ 'ಪೋಕೆಮಾನ್ ಗೋ' ಎಂಬ ಮೊಬೈಲ್ ಆಟ ನಮ್ಮ ದೇಶದಲ್ಲೂ ಹಬ್ಬಿತು. ಆಟದೊಳಗಿನ ಮೊಟ್ಟೆಗಳು ಗುಡಿ ಗುಂಡಾರಗಳ ಜಾಗದಲ್ಲಿ ಕಾಣಿಸಿಕೊಳ್ಳುತ್ತವೆ, ಇದರಿಂದ ಹಿಂದೂಗಳ, ಜೈನರ ಭಾವನೆಗೆ ನೋವಾಗುತ್ತದೆ ಎಂದು ಗುಜರಾತ್ ಹೈಕೋರ್ಟಿಗೆ ಅರ್ಜಿ ಹೋಯಿತು. ಒಂದೇ ಪೋಕೆಮಾನ್, ಮೂರು ಕಡೆ ಮೂರು ಬಗೆಯ ಪ್ರತಿಕ್ರಿಯೆ.

ನಮ್ಮ ಸೀಮೆಗೆ ಹತ್ತಿರದ ಪ್ರಸಂಗವೊಂದನ್ನು ಈಗ ವಿವರವಾಗಿ ಹೇಳುತ್ತೇನೆ. 1983ರಲ್ಲಿ ಯೂಗೊ ಸಾಕೊ ಎಂಬ ಜಪಾನಿ ನಿರ್ದೇಶಕರು, ಪುರಾತತ್ತ್ವಜ್ಞ ಬಿ.ಬಿ. ಲಾಲ್ ಅವರು ಅಲಹಾಬಾದಿನ ಬಳಿ ನಡೆಸುತ್ತಿದ್ದ ಉತ್ಖನನದ ಮೇಲೆ ಸಾಕ್ಷ್ಯಚಿತ್ರ ಮಾಡಲು ಬಂದಿದ್ದರು. ಆಗ ರಾಮಾಯಣ ಅವರ ಮನಸ್ಸನ್ನು ಹಿಡಿಯಿತು. ಜಪಾನಿ ಭಾಷೆಯಲ್ಲಿ ಸಿಕ್ಕ ಹಲವು ರಾಮಾಯಣಗಳನ್ನು ಓದಿ, ಇದನ್ನು ಅನಿಮೆ ಮಾಡಬೇಕೆಂದು ಹೊರಟರು. ಪತ್ರಿಕೆಯ ವರದಿಯೊಂದರಿಂದ ತಪ್ಪು ತಿಳಿವಳಿಕೆಯಾಗಿ, ರಾಮಾಯಣ ಭಾರತದ ಪರಂಪರೆ, ಹೊರದೇಶದವರು ಅದನ್ನು ಮನಬಂದಂತೆ ಚಿತ್ರಿಸಕೂಡದು ಎಂದು ವಿಶ್ವ ಹಿಂದೂ ಪರಿಷತ್ತು ದಿಲ್ಲಿಯ ಜಪಾನ್ ರಾಯಭಾರ ಕಚೇರಿಗೆ ಪತ್ರ ಬರೆಯಿತು. ರಾಮಾಯಣ ಸೂಕ್ಷ್ಮ ವಿಷಯ, ಅದನ್ನು ಕಾರ್ಟೂನಾಗಿ ತೋರಿಸಲಾಗದು ಎಂದು ಭಾರತ ಸರ್ಕಾರವೂ ಕೈಜೋಡಿಸಲು ಒಪ್ಪಲಿಲ್ಲ.

ಸಾಕೊ ಬಿಡಲಿಲ್ಲ. ಆಕ್ಷೇಪ ಎತ್ತಿದವರಿಗೆ ತಮ್ಮ ಉದ್ದೇಶ ವಿವರಿಸಿದರು. ಜಪಾನಿನಲ್ಲೇ ಚಿತ್ರ ತಯಾರಿಸುವ ಏರ್ಪಾಡು ಮಾಡಿ, ಭಾರತದ ಅನಿಮೇಷನ್ ಹಿರಿಯ ರಾಮ್ ಮೋಹನ್ ಅವರನ್ನು ಜೊತೆಗೆ ಕರೆದುಕೊಂಡರು. ಧೋತರ ಉಡುವುದು ಹೇಗೆ, ಮಕ್ಕಳು ಹಿರಿಯರ ಆಶೀರ್ವಾದ ಪಡೆಯುವುದು ಹೇಗೆ ಎಂಬುದನ್ನೆಲ್ಲ ನಮ್ಮ ಕಲಾವಿದರು ಅಲ್ಲಿನವರಿಗೆ ಕಲಿಸಿಕೊಟ್ಟರು. ವನರಾಜ್ ಭಾಟಿಯಾ ಸಂಗೀತ ಕೊಟ್ಟರು. ಮೂಲ ಚಿತ್ರದ ಹಾಡುಗಳು ಸಂಸ್ಕೃತದಲ್ಲಿದ್ದವು. 1992ರಲ್ಲಿ ಸಿದ್ಧವಾದ ಆ ಚಿತ್ರವನ್ನು ಟಿ.ವಿ.ಯಲ್ಲಿ ಕಂಡು ಬೆಳೆದ ಮಕ್ಕಳು ದೊಡ್ಡವರಾದ ಮೇಲೂ ಮರೆಯಲಿಲ್ಲ. 2025ರ ಜನವರಿಯಲ್ಲಿ ಅದು ಮತ್ತೆ ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂತು. ಅದರಲ್ಲಿ ಬರುವ ಕಿಷ್ಕಿಂಧೆ ನಮ್ಮ ಹಂಪಿ, ಆನೆಗುಂದಿಯ ಸೀಮೆಯೆಂದೇ ಇಲ್ಲಿಯ ಜನರ ನಂಬಿಕೆ. ಅಲ್ಲಿಯ ಬಂಡೆಗಳ ನಡುವೆ ಹರಿದು ಬರುವ ತುಂಗಭದ್ರೆಯೇ ಮುಂದೆ ಸಿರುಗುಪ್ಪದ ಭತ್ತದ ಗದ್ದೆಗಳಿಗೆ ನೀರುಣಿಸುತ್ತಾಳೆ.

ಬರೆದ ಚಿತ್ರದಲ್ಲಿ ದೇವರನ್ನು ತೋರಿಸಿದರೆ ಅಗೌರವವಾಗುತ್ತದೆಯೆ? ಇದಕ್ಕೆ ಉತ್ತರ ಹುಡುಕಲು ಜಪಾನಿನವರೆಗೆ ಹೋಗಬೇಕಿಲ್ಲ. ನಮ್ಮದು ತೊಗಲು ಗೊಂಬೆಯಾಟದ ನಾಡು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಂಗಭೂಮಿಯಿಂದ ಬಂದು, ಶ್ರೀ ರಾಮಾಂಜನೇಯ ತೊಗಲು ಗೊಂಬೆ ಮೇಳ ಕಟ್ಟಿ, ರಾಮಾಯಣವನ್ನೂ ಗಾಂಧೀಜಿಯ ಕಥೆಯನ್ನೂ ಅದೇ ಪರದೆಯ ಮೇಲೆ ಆಡಿಸಿದರು. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ಅವರನ್ನು ಕಳೆದುಕೊಂಡೆವು. ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಇದೇ ಕಲೆಗಾಗಿ 2025ರಲ್ಲಿ ಪದ್ಮಶ್ರೀ ಬಂತು.

ಈ ಆಟ ಹೇಗೆ ನಡೆಯುತ್ತದೆ ನೋಡಿ. ತೊಗಲನ್ನು ಹದ ಮಾಡಿ, ತೆಳುವಾಗಿಸಿ, ಅದರ ಮೇಲೆ ರಾಮ, ಸೀತೆ, ಆಂಜನೇಯರನ್ನು ಬರೆಯುತ್ತಾರೆ. ಗಣಪತಿಯ, ಶಾರದೆಯ ಪೂಜೆಯಿಂದ ಆಟ ಶುರು. ಗುಡಿಯ ಒಳಗೆ ಚರ್ಮದ ಚಪ್ಪಲಿ ಹಾಕಿಕೊಂಡು ಹೋಗದ ಜನ ಇಲ್ಲಿ ಚರ್ಮದ ಮೇಲೆಯೇ ರಾಮನನ್ನು ಕಂಡು ಕೈಮುಗಿದರು. ದೇವರ ಕಥೆಯ ನಡುವೆ ಹಾಸ್ಯದ ಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಪೋಲಿ ಮಾತಾಡಿ ನಗಿಸಿದರು. ಅದನ್ನು ಯಾರೂ ಧರ್ಮದ್ರೋಹ ಎನ್ನಲಿಲ್ಲ. ಕುರುಗೋಡಿನ ದೊಡ್ಡಬಸವೇಶ್ವರನ ಮುಂದೆ ನಿಂತ ಭಕ್ತರಿಗೆ ಅದು ಕಲ್ಲು ಎಂಬುದು ಗೊತ್ತಿಲ್ಲವೆ? ಗೊತ್ತಿದ್ದೇ ಕೈಮುಗಿಯುತ್ತಾರೆ. ಕಲ್ಲಿರಲಿ, ತೊಗಲಿರಲಿ, ಕಾಗದವಿರಲಿ, ಮಾಡುವವರ ಮನಸ್ಸು, ನೋಡುವವರ ಮನಸ್ಸು ಮುಖ್ಯವೆಂದು ನಮ್ಮ ಹಿರಿಯರು ನಡೆದು ತೋರಿಸಿದ್ದಾರೆ. ದೇವರಿಗೆ ರೂಪ ಕೊಡುವುದೇ ಸಲ್ಲದು ಎನ್ನುವ ಶ್ರದ್ಧೆಯೂ ನಮ್ಮ ನಡುವೆ ಇದೆ. ಆ ಶ್ರದ್ಧೆಯುಳ್ಳ ಮನೆಯವರ ನಿರ್ಧಾರಕ್ಕೂ ಅಷ್ಟೇ ಮರ್ಯಾದೆ ಸಲ್ಲಬೇಕು.

ಇನ್ನು, ಅನಿಮೆಯಲ್ಲಿ ಬರುವ ದೇವರುಗಳು ನಾವು ತಿಳಿದಷ್ಟು ಪರಕೀಯರಲ್ಲ. ಬೌದ್ಧಧರ್ಮದ ಜೊತೆ ನಮ್ಮ ಸರಸ್ವತಿ ಜಪಾನಿಗೆ ಹೋಗಿ ಬೆಂಜೈತೆನ್ ಆದಳು, ಇಂದ್ರ ತೈಶಾಕುತೆನ್ ಆದ, ಯಮ ಎನ್ಮಾ ಆದ. 'ಡ್ರ್ಯಾಗನ್ ಬಾಲ್' ಕಥೆಯಲ್ಲಿ ಸತ್ತವರ ಲೆಕ್ಕ ನೋಡುತ್ತ ಕುಳಿತ ದೊಡ್ಡ ಮೈಯವನು ಈ ಎನ್ಮಾನೇ. 'ನರುಟೊ' ಕಥೆಯಲ್ಲಿ ಜಗಳಾಡುವ ಅಣ್ಣತಮ್ಮಂದಿರ ಹೆಸರು ಇಂದ್ರ ಮತ್ತು ಅಸುರ. ಮೊಮ್ಮಗ ಇದನ್ನು ನೋಡುತ್ತಿದ್ದರೆ, ಪುರಾಣ ಬಲ್ಲ ಅಜ್ಜನಿಗೆ ಅವನೊಡನೆ ಮಾತಾಡಲು ಬೇಕಾದಷ್ಟು ವಿಷಯವಿದೆ.

ಹಾಗಾದರೆ ಆತಂಕಕ್ಕೆ ಕಾರಣವೇ ಇಲ್ಲವೆ? ಇದೆ. ನನ್ನ ಮಟ್ಟಿಗೆ ಇಂದಿನ ಮಾತಿನ ತಿರುಳೂ ಇದೇ. ಕೈಯಲ್ಲಿ ಬರೆದ ಚಿತ್ರ ಎಂದ ಕೂಡಲೆ ಅದು ಮಕ್ಕಳದು ಎಂದು ನಂಬಿದ್ದೇವಲ್ಲ, ಅಪಾಯ ಇರುವುದು ಆ ನಂಬಿಕೆಯಲ್ಲಿ. ಜಪಾನಿನಲ್ಲಿ ಚಿತ್ರಕಥೆಯ ಪತ್ರಿಕೆಗಳು ಓದುವವರ ವಯಸ್ಸು ನೋಡಿ ಬೇರೆ ಬೇರೆಯಾಗಿ ಬರುತ್ತವೆ. 'ಶಿನ್‌ಚಾನ್' ಎಂಬ ತುಂಟ ಹುಡುಗನ ಕಥೆ 1990ರಲ್ಲಿ ಶುರುವಾದದ್ದು ದೊಡ್ಡವರ ವಾರಪತ್ರಿಕೆಯಲ್ಲಿ. ನಮ್ಮಲ್ಲಿ ಅದು ಮಕ್ಕಳ ವಾಹಿನಿಗೆ ಬಂತು, ಹುಡುಗ ದೊಡ್ಡವರಿಗೆ ಎದುರಾಡುತ್ತಾನೆ, ಅಸಭ್ಯವಾಗಿ ವರ್ತಿಸುತ್ತಾನೆ ಎಂದು ತಂದೆತಾಯಂದಿರು ದೂರಿದರು. ಯುದ್ಧದಲ್ಲಿ ಅನಾಥರಾದ ಅಣ್ಣತಂಗಿಯರ ಕಥೆ ಹೇಳುವ 'ಗ್ರೇವ್ ಆಫ್ ದ ಫೈರ್‌ಫ್ಲೈಸ್' 1988ರ ಚಿತ್ರ. ಗಟ್ಟಿ ಮನಸ್ಸಿನ ದೊಡ್ಡವರೂ ಅದನ್ನು ಅಳದೆ ನೋಡುವುದು ಕಷ್ಟ. ರಕ್ತಪಾತ ತುಂಬಿದ, ಹೆಣ್ಣನ್ನು ಕೀಳಾಗಿ ತೋರಿಸುವ ಅನಿಮೆಗಳೂ ಇವೆ. ಕಾರ್ಟೂನಲ್ಲವೆ ಎಂದು ಆರು ವರ್ಷದ ಮಗುವಿನ ಕೈಗೆ ಇಂಥದ್ದನ್ನು ಕೊಡುತ್ತೇವೆ. ಕಾರ್ಟೂನಲ್ಲವೆ ಎಂದೇ ಇಪ್ಪತ್ತೈದರ ಯುವಕನನ್ನು ಹಂಗಿಸುತ್ತೇವೆ. ಎರಡೂ ಅನ್ಯಾಯ ಹುಟ್ಟುವುದು ಒಂದೇ ತಪ್ಪು ತಿಳಿವಳಿಕೆಯಿಂದ.

ಬೆಳತನಕ ಬಯಲಾಟ ನೋಡುತ್ತಿದ್ದವರು, ತೊಗಲು ಗೊಂಬೆಯ ರಾಮನಿಗೆ ಕಣ್ಣೀರಿಟ್ಟವರು ಮಕ್ಕಳಲ್ಲ, ಸಂಸಾರ ನಡೆಸುತ್ತಿದ್ದ ರೈತರು, ಕೂಲಿಕಾರರು. 2025ರ ಜುಲೈಯಲ್ಲಿ ಬಂದ 'ಮಹಾವತಾರ ನರಸಿಂಹ' ಅನಿಮೇಷನ್ ಚಿತ್ರವನ್ನು ಅರ್ಪಿಸಿದ್ದು ನಮ್ಮ ಕರ್ನಾಟಕದ ಹೊಂಬಾಳೆ ಸಂಸ್ಥೆ. ಅದನ್ನು ಕನ್ನಡದಲ್ಲೂ ನೋಡಿದೆವು. ಕೆಲವು ಕಡೆ ದೊಡ್ಡವರು ಚಪ್ಪಲಿ ಬಿಟ್ಟು ಕುಳಿತು ನೋಡಿದರು. ಅನಿಮೇಷನ್ ಚಿತ್ರದಲ್ಲಿ ದೊಡ್ಡವರ ಭಕ್ತಿಗೂ ಎಡೆಯಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ತಂದೆತಾಯಂದಿರೆ, ಈಗ ಸೆನ್ಸಾರ್ ಮಂಡಳಿ ಸಿನಿಮಾಗಳಿಗೆ ಏಳು, ಹದಿಮೂರು, ಹದಿನಾರು ವರ್ಷ ಎಂದು ವಯಸ್ಸಿನ ಗುರುತು ಕೊಡುತ್ತದೆ. ಮೊದಲು ಅದನ್ನು ನೋಡಿ. ಒಂದೆರಡು ಕಂತನ್ನು ಮಕ್ಕಳ ಪಕ್ಕದಲ್ಲಿ ಕುಳಿತು ನೋಡಿ. ಇಷ್ಟವಾಗದ್ದನ್ನು ಇಷ್ಟವಾಗಲಿಲ್ಲ ಎನ್ನಿ, ಕಾರಣವನ್ನೂ ಹೇಳಿ. ಯುವಕರೆ, ನಿಮಗೂ ಒಂದು ಮಾತು. ಮನೆಯವರ ಶ್ರದ್ಧೆಯನ್ನು ಅಜ್ಞಾನವೆಂದು ತಿಳಿಯಬೇಡಿ. ನಿಮಗೆ ಆ ಕಥೆಯಲ್ಲಿ ಏನು ಹಿಡಿಸಿತು, ಯಾರ ತ್ಯಾಗ, ಯಾರ ಗೆಳೆತನ ಮನಸ್ಸಿಗೆ ತಟ್ಟಿತು ಎಂದು ಅವರಿಗೆ ಬಿಡಿಸಿ ಹೇಳಿ. ನೋಡುವುದು ನಿದ್ದೆಯನ್ನು, ಓದನ್ನು, ದುಡಿಮೆಯನ್ನು ನುಂಗುತ್ತಿದ್ದರೆ ನೀವಾಗಿಯೇ ಕಡಿಮೆ ಮಾಡಿ. ಒಂದು ಕಥೆ ಮನುಷ್ಯನನ್ನು ಹೆಚ್ಚು ಕರುಣೆಯವನನ್ನಾಗಿ ಮಾಡುತ್ತಿದೆಯೋ ಇಲ್ಲವೋ ಎಂದು ಕೇಳೋಣ. ಯಾವ ಧರ್ಮದ ಮನೆಯಲ್ಲೂ ಕೇಳಬಹುದಾದ ಪ್ರಶ್ನೆ ಅದು.