ಹೊಸ ಮೋಟಾರ್ ಸೈಕಲ್ಲಿನ ಶುಚಿ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಹಲವರು ಈಚೆಗೆ ಹೊಸ ಮೋಟಾರ್ ಸೈಕಲ್ ಕೊಂಡಿದ್ದಾರೆ. ಸಂತೋಷದ ಸಂಗತಿ. ಆದರೆ ಒಟ್ಟಿಗೆ ಹಣ ಕಟ್ಟಿ ಕೊಂಡವರು ಕಡಿಮೆ, ಕಂತಿನ ಮೇಲೆ ಕೊಂಡವರೇ ಹೆಚ್ಚು. ಕಂತು ತೀರುವ ಮೊದಲೇ ಗಾಡಿಗೆ ತುಕ್ಕು ಹಿಡಿದರೆ ನಷ್ಟ ಯಾರದು? ಅದಕ್ಕಾಗಿಯೇ ಈ ನಾಲ್ಕು ಮಾತು. ನಾವು ಗಿರಣಿಯ ಗುಮಾಸ್ತರು, ಮೆಕ್ಯಾನಿಕ್ಕುಗಳಲ್ಲ. ಬಲ್ಲವರನ್ನು ಕೇಳಿ, ಗಾಡಿಯ ಜೊತೆ ಬರುವ ಕೈಪಿಡಿ ಓದಿ, ಕೈಯಾರೆ ಮಾಡಿ ತಿಳಿದುದನ್ನಷ್ಟೇ ಅರಿಕೆ ಮಾಡುತ್ತೇವೆ.

ನಮ್ಮ ಊರುಗಳಲ್ಲಿ ಗಾಡಿಗೆ ಶತ್ರು ಧೂಳು, ಚೆನ್ನೈಯಲ್ಲಿ ಉಪ್ಪು. ಎಣ್ಣೂರಿನಿಂದ ತಿರುವಾನ್ಮಿಯೂರಿನವರೆಗೆ ನಗರದ ಮಗ್ಗುಲಿಗೇ ಕಡಲು. 1955ರಲ್ಲಿ ಸ್ಥಾಪನೆಯಾದ ಎನ್‌ಫೀಲ್ಡ್ ಇಂಡಿಯಾ ಕಂಪೆನಿಯವರು ಬುಲೆಟ್ ತಯಾರಿಸಿದ ತಿರುವೊಟ್ಟಿಯೂರೂ ಈ ದಡದಲ್ಲೇ ಇದೆ. ಕಡಲ ಗಾಳಿಯ ಉಪ್ಪು ಲೋಹದ ಮೇಲೆ ಕುಳಿತು ತೇವವನ್ನು ಹೀರುತ್ತದೆ. ಆ ತೇವದಲ್ಲೇ ತುಕ್ಕು ಹುಟ್ಟುತ್ತದೆ. ಆದ್ದರಿಂದ ಹೊಳಪು ಆಮೇಲಿನ ಮಾತು. ವಾರಕ್ಕೊಮ್ಮೆ ಉಪ್ಪನ್ನು ತೊಳೆದು ಒಣಗಿಸುವುದೇ ಮೊದಲ ಕೆಲಸ.

ಕೊಳ್ಳಬೇಕಾದುದು ಏನು? ಅಂಗಡಿಯಲ್ಲಿ ಬಣ್ಣಬಣ್ಣದ ಸೀಸೆಗಳು ಸಾಲಾಗಿ ಕರೆಯುತ್ತವೆ. ನಮಗೆ ಬೇಕಾದುವು ಐದೇ: ವಾಹನ ತೊಳೆಯುವ ಶಾಂಪೂ, ಎರಡು ಮೈಕ್ರೋಫೈಬರ್ ಬಟ್ಟೆ, ಚೈನಿಗೊಂದು ಬ್ರಷ್ಷು, ಚೈನಿನ ಎಣ್ಣೆ, ಒಂದು ಸಣ್ಣ ಡಬ್ಬಿ ಮೇಣದ ಪಾಲಿಷ್. ಬಟ್ಟೆ ಒಗೆಯುವ ಪುಡಿ ಬೇಡ. ಅದರ ಕ್ಷಾರ ಬಣ್ಣದ ಮೇಲಿನ ಮೇಣವನ್ನು ತೆಗೆದು, ಅಲ್ಯುಮಿನಿಯಮನ್ನು ಮಂಕು ಮಾಡುತ್ತದೆ. ಗಿರಣಿಯಲ್ಲಿ ಧಾರಾಳವಾಗಿ ಸಿಗುವ ಹತ್ತಿ ವೇಸ್ಟನ್ನು ಚೈನಿಗೆ ಬಳಸಿರಿ, ಟ್ಯಾಂಕಿಗೆ ಬೇಡ. ಅದರಲ್ಲಿ ಅಡಗಿದ ಒಂದು ಕಸ ಸಾಕು ಗೀರಲು. ಹೊಳಪಿಲ್ಲದ ಮ್ಯಾಟ್ ಬಣ್ಣದ ಗಾಡಿಗೆ ಪಾಲಿಷ್ ಹಚ್ಚಲೇಬಾರದು.

ಇನ್ನು ಕ್ರಮ. ಎಂಜಿನ್ ತಣಿದಿರಲಿ, ಗಾಡಿ ನೆರಳಿನಲ್ಲಿರಲಿ. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ. ಕೊನೆಗೆ ತೆಗೆಯಲು ಮರೆಯಬೇಡಿ. ಮೊದಲು ಬರಿಯ ನೀರು ಸುರಿದು ಮಣ್ಣನ್ನು ನೆನೆಸಿ, ಒಣ ಧೂಳನ್ನು ಎಂದೂ ಒರೆಸಬೇಡಿ. ಆಮೇಲೆ ಶಾಂಪೂ ನೀರಿನಿಂದ ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಚಕ್ರಕ್ಕೆ ಬೇರೆ ಬಟ್ಟೆ. ರಭಸದ ಪೈಪಿನ ನೀರನ್ನು ಚಕ್ರದ ನಡುವಿಗೂ ವೈರುಗಳಿಗೂ ಹೊಡೆಯಬಾರದು. ಬೇರಿಂಗಿನ ಗ್ರೀಸು ಕೊಚ್ಚಿಹೋಗುತ್ತದೆ. ಬೋರ್‌ವೆಲ್ಲಿನ ಗಡುಸು ನೀರು ತಾನಾಗಿ ಆರಿದರೆ ಬಿಳಿ ಕಲೆ ಉಳಿಯುವುದರಿಂದ ಕೂಡಲೇ ಒರೆಸಬೇಕು.

ಚೈನನ್ನು ಸೀಮೆಎಣ್ಣೆಯಿಂದಲೋ ಅದಕ್ಕೆಂದೇ ಸಿಗುವ ದ್ರವದಿಂದಲೋ ಉಜ್ಜಿ, ಒಣಗಿಸಿ, ಎಣ್ಣೆ ಬಿಡಿ. ಪೆಟ್ರೋಲ್ ಬೇಡ, ಚೈನಿನೊಳಗಿನ ರಬ್ಬರ್ ಉಂಗುರ ಕೆಡುತ್ತದೆ, ಬೆಂಕಿಯ ಭಯ ಬೇರೆ. ಈ ಕೆಲಸವನ್ನು ಎಂಜಿನ್ ನಿಲ್ಲಿಸಿ, ಚಕ್ರವನ್ನು ಕೈಯಿಂದ ತಿರುಗಿಸುತ್ತಲೇ ಮಾಡಬೇಕು. ಎಂಜಿನ್ ಓಡುತ್ತಿರುವಾಗ ಚೈನಿಗೆ ಬಟ್ಟೆ ಹಿಡಿದರೆ ಬೆರಳು ಹೋಗುತ್ತದೆ. ದುಡಿದು ಉಣ್ಣುವವರಿಗೆ ಗಾಡಿಗಿಂತ ಬೆರಳು ದೊಡ್ಡದು. ಬ್ರೇಕಿನ ತಟ್ಟೆಗೆ ಎಣ್ಣೆಯಾಗಲಿ ಪಾಲಿಷಾಗಲಿ ಸೋಕಬಾರದು. ತೊಳೆದ ಮೇಲೆ ನಾಲ್ಕು ಹೆಜ್ಜೆ ಮೆಲ್ಲಗೆ ಓಡಿಸಿ, ಬ್ರೇಕ್ ಹಿಡಿದು ನೋಡಿಯೇ ರಸ್ತೆಗೆ ಇಳಿಯಿರಿ.

ನೀರಿನ ವಿಚಾರ. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಜಲಾಶಯಗಳು ಬತ್ತಿ, ಜನರು ಕೊಡ ಹಿಡಿದು ಲಾರಿಗಾಗಿ ಕಾದುದನ್ನು ಈ ನಗರ ಮರೆತಿಲ್ಲ. ಒಂದು ಗಾಡಿಗೆ ಮೂರು ಬಕೆಟ್ ಸಾಕು. 2015 ಮತ್ತು 2023ರ ಡಿಸೆಂಬರಿನಲ್ಲಿ ಬಂದಂಥ ಪ್ರವಾಹದಲ್ಲಿ ಗಾಡಿ ಮುಳುಗಿದರೆ ಸ್ಟಾರ್ಟ್ ಮಾಡಲೇಬೇಡಿ. ತಳ್ಳಿಕೊಂಡೇ ವರ್ಕ್‌ಷಾಪಿಗೆ ಒಯ್ಯಿರಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಗಾಡಿಗಳು ಇಂದಿಗೂ ಓಡುತ್ತಿವೆ. ಕಾರ್ಖಾನೆ ಹೋದರೂ ಗಾಡಿ ಉಳಿದಿರುವುದು ಇಟ್ಟುಕೊಂಡವರ ಆರೈಕೆಯಿಂದ. ಭಾನುವಾರದ ಅರ್ಧ ಗಂಟೆಯನ್ನು ತಾವೂ ಇದಕ್ಕೆ ಮೀಸಲಿಡಬೇಕೆಂದು ಕೋರುತ್ತೇವೆ.