ಕಾಮಗಾರಿಯ ಅಳತೆ: ಸೂಳೆಕೆರೆಯಿಂದ ಈಚೆಗೆ



ದಾವಣಗೆರೆ ಜಿಲ್ಲೆಯೆಂಬುದು 1997ರಲ್ಲಿ ರೂಪುಗೊಂಡ ಹೊಸ ವಿಭಾಗವಾದರೂ, ಶಿವಮೊಗ್ಗೆಯಿಂದ ಬಂದು ಅದನ್ನು ಸೇರಿದ ಚನ್ನಗಿರಿ ಮತ್ತು ಹೊನ್ನಾಳಿ, ಹೊನ್ನಾಳಿಯಿಂದಲೇ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ನ್ಯಾಮತಿ, ಚಿತ್ರದುರ್ಗದಿಂದ ಬಂದ ಜಗಳೂರು, ಈ ನಾಲ್ಕು ಸೀಮೆಗಳಲ್ಲಿ ಮಣ್ಣು ಕಲ್ಲುಗಳನ್ನು ಪೇರಿಸಿ ಕಟ್ಟುವ ವಿದ್ಯೆ ಬಹು ಪುರಾತನವಾದುದು. ಆ ವಿದ್ಯೆಯ ಜೊತೆಜೊತೆಗೆ ಕಾಮಗಾರಿಯ ಸ್ಥಳಕ್ಕೆ ಕಾಲಕಾಲಕ್ಕೆ ಬಂದ ಉಪಕರಣಗಳಲ್ಲಿ ಯಾವುವು ನೆಲೆನಿಂತವು, ಯಾವುವು ಪರಕೀಯವಾಗಿಯೇ ಉಳಿದವು, ಹಾಗಾಗಲು ಕಾರಣವೇನು ಎಂಬುದೇ ಇಂದಿನ ಭಾಷಣದ ವಿಷಯ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು, ಈಗ ಶಾಂತಿಸಾಗರವೆಂದು ಕರೆಯುವ ಆ ಮಹಾಜಲಾಶಯವನ್ನು, ಕಂಡವರಿಗೆ ಮೊದಲು ಬೆರಗಾಗುವುದು ನೀರಿನ ವಿಸ್ತಾರದಿಂದಲೇ ಆದರೂ, ಅದಕ್ಕಿಂತ ಹೆಚ್ಚಿನ ಆಶ್ಚರ್ಯ ಏರಿಯ ಉದ್ದ ಕಡಮೆಯಿರುವುದರಲ್ಲಿದೆ. ಹರಿದ್ರಾ ಹೊಳೆ ಎರಡು ಗುಡ್ಡಗಳ ನಡುವೆ ಇರುಕಿಕೊಂಡು ಹರಿಯುವ ಕಣಿವೆಯನ್ನು ಹುಡುಕಿ, ಸಾವಿರ ಅಡಿಯನ್ನೂ ಮುಟ್ಟದ ಒಂದು ಒಡ್ಡಿನಿಂದ ಅಷ್ಟು ದೊಡ್ಡ ನೀರನ್ನು ತಡೆದು, ಸಿದ್ಧನಾಲೆ ಬಸವನಾಲೆಗಳೆಂಬ ಎರಡು ನಾಲೆಗಳನ್ನು ತೆಗೆದವರ ಮುಖ್ಯ ಉಪಕರಣವೆಂದರೆ ನೆಲವನ್ನು ಓದುವ ಕಣ್ಣು. ಶಾಂತವ್ವೆಯೆಂಬ ರಾಜಕುಮಾರಿ ಕಟ್ಟಿಸಿದಳೆಂಬ ಐತಿಹ್ಯವನ್ನು ಜನ ಇಂದಿಗೂ ಹೇಳುತ್ತಾರೆ. ಆದರೆ ಮಟ್ಟ ಹಿಡಿದವನ, ತೂಬಿನ ಕಲ್ಲು ಕೂರಿಸಿದವನ ಹೆಸರು ಆ ಕಥೆಯಲ್ಲಿ ಬರುವುದಿಲ್ಲ. ನಮ್ಮ ಐತಿಹ್ಯಗಳಿಗೆ ಕಟ್ಟಿಸಿದವರ ಮೇಲೆ ಇರುವ ಪ್ರೀತಿ ಕಟ್ಟಿದವರ ಮೇಲೆ ಇಲ್ಲ.

ಅಂಥ ಕೆಲಸಗಳು ಹೇಗೆ ನಡೆಯುತ್ತಿದ್ದುವೆಂಬುದಕ್ಕೆ ಕಡಪ ಸೀಮೆಯ ಪೋರುಮಾಮಿಳ್ಳದ ಶಾಸನವೊಂದು ಸಾಕ್ಷಿ. ವಿಜಯನಗರದ ಕಾಲದ, 1369ರ ಆ ಶಿಲಾಲೇಖದಲ್ಲಿ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಯ ಆರು ದೋಷಗಳನ್ನೂ ಎಣಿಸಿ, ಸಾವಿರ ಆಳುಗಳೂ ನೂರು ಗಾಡಿಗಳೂ ಎರಡು ವರ್ಷ ದುಡಿದುವೆಂದು ಲೆಕ್ಕ ಕೊಟ್ಟಿದ್ದಾರೆ. ಜಲಶಾಸ್ತ್ರ ಬಲ್ಲವನೊಬ್ಬ ಇರಬೇಕೆಂಬುದೂ ಆ ಹನ್ನೆರಡು ಸಾಧನಗಳಲ್ಲಿ ಒಂದು. ಒಡೆಯನ ಬಳಿ ಹಣವಿದ್ದರೆ ಸಾಲದೆಂಬ ಅರಿವು ಆಗಲೇ ಇದ್ದಿತು.

ಮುಂದೆ ಕಲ್ಲುಕಟ್ಟಡದ ದೊಡ್ಡ ಅಣೆಕಟ್ಟುಗಳ ಕಾಲ ಬಂದಿತು. ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ಮಾರಿಕಣಿವೆಯಲ್ಲಿಯೂ, 1911ರಲ್ಲಿ ಆರಂಭವಾದ ಕನ್ನಂಬಾಡಿಯಲ್ಲಿಯೂ, ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದ ಸುರ್ಕಿ ಗಾರೆಯೇ ಕಲ್ಲುಗಳನ್ನು ಬೆಸೆದದ್ದು. ಹಳ್ಳಿಯ ಮನೆಗಳಿಗೆ ಬೇಕಾದ ಗಾರೆಯನ್ನು ವೃತ್ತಾಕಾರದ ದೋಣಿಯಲ್ಲಿ ಕಲ್ಲಿನ ಚಕ್ರವನ್ನು ಎತ್ತುಗಳಿಂದ ಸುತ್ತಿಸಿ ಗಾಣದಲ್ಲಿ ಅರೆಯುತ್ತಿದ್ದರು. ಅದು ಹದವಾಯಿತೇ ಇಲ್ಲವೇ ಎಂಬುದನ್ನು ಮೇಸ್ತ್ರಿ ಎರಡು ಬೆರಳುಗಳ ನಡುವೆ ತಿಕ್ಕಿ, ಕರಣೆಗೆ ಅಂಟುವ ಬಗೆಯನ್ನು ನೋಡಿ ಹೇಳುತ್ತಿದ್ದನು. ತರುವಾಯ ಸಿಮೆಂಟು ಬಂದಿತು; ಭದ್ರಾವತಿಯ ಕಾರ್ಖಾನೆಯೇ ಅದನ್ನು ತಯಾರಿಸತೊಡಗಿತು. ಸುಣ್ಣದ ಗಾರೆ ಸಾವಧಾನದ ವಸ್ತು. ಬಿಗಿದರೆ ನೀರು ಚಿಮುಕಿಸಿ ಮತ್ತೆ ಕಲಸಬಹುದು. ಸಿಮೆಂಟಾದರೋ ಅರ್ಧ ಗಂಟೆ ಕಳೆಯಿತೆಂದರೆ ಹಿಡಿಯತೊಡಗುವ ಅವಸರದ ವಸ್ತು. ಬಿಗಿದ ಮೇಲೆ ನೀರು ಸುರಿದು ಕಲಸಿದರೆ ಮೇಲ್ನೋಟಕ್ಕೆ ಮೆತ್ತಗಾದರೂ ಒಳಗೆ ಶಕ್ತಿಗುಂದುತ್ತದೆ. ವಸ್ತು ಬದಲಾದರೂ ಕೈಯ ಅಭ್ಯಾಸ ಬದಲಾಗದಿದ್ದುದರಿಂದ ಎಷ್ಟು ಗೋಡೆಗಳು ಹೀಗೆ ದುರ್ಬಲವಾದುವೋ ಲೆಕ್ಕವಿಟ್ಟವರಿಲ್ಲ. ಬಾಂಡ್ಲಿಯಲ್ಲಿ ಉಳಿದ ಗಾರೆಗೆ ಊಟದ ನಂತರ ಒಂದು ಚೊಂಬು ನೀರು ಹೊಯ್ಯುವ ಪದ್ಧತಿ ಇಂದಿಗೂ ಪೂರ್ತಿ ಹೋಗಿಲ್ಲ.

ಭದ್ರಾ ಯೋಜನೆಯ ಕೆಲಸ 1947ರಲ್ಲಿ ಲಕ್ಕವಳ್ಳಿಯಲ್ಲಿ ಮೊದಲಾಗಿ 1965ರ ವೇಳೆಗೆ ಮುಗಿದು, ಬಲದಂಡೆ ನಾಲೆ ಚನ್ನಗಿರಿಯ ಸೀಮೆಗೆ ನೀರು ತಂದಿತು. ನಾಲೆ, ಕೆರೆ, ರಸ್ತೆಗಳ ಮಣ್ಣುಕೆಲಸದಲ್ಲಿ ಆ ಕಾಲದಿಂದ ನಡೆದುಬಂದ ಒಂದು ಉಪಾಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನೆಲವನ್ನು ತೋಡುತ್ತಾ ಹೋದಂತೆ, ಗುಂಡಿಯ ನಡುನಡುವೆ ಒಂದೊಂದು ಮಣ್ಣಿನ ದಿಂಡನ್ನು ಮೂಲ ನೆಲದ ಎತ್ತರಕ್ಕೇ, ತಲೆಯ ಮೇಲಿನ ಹುಲ್ಲಿನೊಡನೆ, ಸಾಕ್ಷಿಗೆಂದು ಉಳಿಸುತ್ತಾರೆ. ಓವರ್‌ಸಿಯರು ಬಂದು ಟೇಪು ಇಳಿಬಿಟ್ಟು ಅದರ ಎತ್ತರವನ್ನು ಅಳೆದು ಅಳತೆ ಪುಸ್ತಕದಲ್ಲಿ ಬರೆದನೆಂದರೆ ಅದೇ ತೋಡಿದ ಆಳ, ಅದರಂತೆ ಕೂಲಿ. ಅಗೆದವರು ಹೊಸ ಮಣ್ಣು ಪೇರಿಸಿ ದಿಂಡನ್ನು ಎತ್ತರಿಸುವುದೂ ಉಂಟು. ಅದಕ್ಕಾಗಿಯೇ ಓವರ್‌ಸಿಯರು ಮೊದಲು ಹುಲ್ಲಿನ ಬೇರನ್ನು ಕೆದಕಿ ನೋಡುತ್ತಾನೆ. ಮೋಸವೂ ಬಯಲಲ್ಲಿ, ಪರೀಕ್ಷೆಯೂ ಬಯಲಲ್ಲಿ! ಅಕ್ಷರ ಬಾರದ ಕೂಲಿಕಾರನೂ ಅದೇ ದಿಂಡಿಗೆ ತನ್ನ ಸನಿಕೆಯ ಕಾವನ್ನು ಹಿಡಿದು ತನಗೆ ಸಲ್ಲಬೇಕಾದುದನ್ನು ತಾನೇ ತಿಳಿಯಬಲ್ಲನು. ಮಾಡುವವನೂ ಮಾಡಿಸುವವನೂ ಒಂದೇ ಉಪಕರಣವನ್ನು ಓದಬಲ್ಲರೆಂಬುದೇ ಅದರ ದೀರ್ಘಾಯುಷ್ಯದ ಗುಟ್ಟೆಂದು ನನ್ನ ಅಭಿಪ್ರಾಯ.

ಇದಕ್ಕೆ ವಿರುದ್ಧವಾದ ಉದಾಹರಣೆ ಜಗಳೂರಿನಂಥ ಬರಪೀಡಿತ ಸೀಮೆಯ ಕೆರೆಯಂಗಳಗಳಲ್ಲಿಯೇ ಸಿಗುತ್ತದೆ. ಉದ್ಯೋಗ ಖಾತರಿ ಯೋಜನೆ 2006ರ ಫೆಬ್ರವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಮೊದಲಾದಾಗ ದಾವಣಗೆರೆಯೂ ಅವುಗಳಲ್ಲಿ ಒಂದಾಗಿತ್ತು. ಕೂಲಿಯ ಬದಲು ನಿಲ್ಲುವ ಯಂತ್ರವನ್ನು ಆದಷ್ಟು ಮಟ್ಟಿಗೆ ಬಳಸಬಾರದೆಂದು ನಿಯಮ ಮಾಡಿದ ಆ ಯೋಜನೆಯೇ, ಮುಂದೆ ಹಾಜರಿಗಾಗಿ ಒಂದು ಯಂತ್ರವನ್ನು ಕಡ್ಡಾಯಗೊಳಿಸಿದುದು ವಿನೋದದ ಸಂಗತಿ. 2021ರ ಮೇ ತಿಂಗಳಲ್ಲಿ ಆರಂಭಿಸಿ 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿಗಳ ಕೆಲಸಗಳ ಹೊರತು ಎಲ್ಲ ಕಾಮಗಾರಿಗಳಿಗೂ ವಿಧಿಸಿದ ಮೊಬೈಲ್ ಆ್ಯಪಿನಲ್ಲಿ, ಮೇಟಿ, ಎಂದರೆ ನಮ್ಮ ರಾಜ್ಯದಲ್ಲಿ ಕಾಯಕಬಂಧು ಎನಿಸಿಕೊಂಡಾತ, ದಿನಕ್ಕೆರಡು ಸಲ ಕೂಲಿಕಾರರ ಫೋಟೋ ತೆಗೆದು, ಸ್ಥಳ ಸಮಯಗಳ ಗುರುತಿನೊಡನೆ ಏರಿಸಬೇಕಾಗಿತ್ತು. ಉದ್ದೇಶ ಸಾಧುವಾದುದು, ಸುಳ್ಳು ಹಾಜರಿ ಪಟ್ಟಿಯೆಂಬ ರೋಗ ನಿಜವಾಗಿಯೂ ಇತ್ತು. ಆದರೆ ನೆಟ್‌ವರ್ಕ್ ಸಿಕ್ಕದೆ, ಸರ್ವರ್ ಓಗೊಡದೆ, ದುಡಿದ ದಿನವೇ ದಾಖಲಾಗದೆ ಹೋಯಿತೆಂಬ ದೂರು ದೇಶದ ಅನೇಕ ಕಡೆಗಳಿಂದ ಬಂದಿತು. 2025ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಸಂಬಂಧವಿಲ್ಲದ ಚಿತ್ರಗಳನ್ನೂ ಫೋಟೋದ ಫೋಟೋಗಳನ್ನೂ ಏರಿಸುತ್ತಿರುವುದನ್ನು ಎತ್ತಿ ತೋರಿಸಿತು. ದಿಂಡಿನ ಮೋಸವನ್ನು ಬೇರು ಕೆದಕಿ ಸ್ಥಳದಲ್ಲಿಯೇ ಹಿಡಿಯಬಹುದಾಗಿತ್ತು. ಫೋಟೋದ ಮೋಸವನ್ನು ಹಿಡಿಯಲು ದೂರದ ಕಚೇರಿಯಲ್ಲಿ ಒಬ್ಬ ಚಿತ್ರಗಳನ್ನು ನೋಡುತ್ತಾ ಕುಳಿತಿರಬೇಕು. ತೋಡಿದವಳಿಗೋ, ತನ್ನ ಮುಖ ಸೆರೆಯಾದ ಆ ಫೋಟೋದಿಂದ ತಾನು ಎಷ್ಟು ಮಣ್ಣು ತೆಗೆದೆನೆಂಬುದು ತಿಳಿಯುವುದಿಲ್ಲ.

ಹಾಗೆಂದು ಹೊಸ ಉಪಕರಣವೆಂದರೆ ನಮ್ಮ ಜನ ಹಿಂಜರಿಯುತ್ತಾರೆಂದು ತಿಳಿಯಬೇಡಿ. ಕಾಂಕ್ರೀಟು ಕಲಸುವ ಮಿಕ್ಸರನ್ನೂ ಅದನ್ನು ಕುಲುಕಿ ಗಾಳಿ ಹೊರಡಿಸುವ ವೈಬ್ರೇಟರನ್ನೂ ಸಣ್ಣ ಊರುಗಳ ಮೇಸ್ತ್ರಿಗಳು ಯಾರ ಆಜ್ಞೆಯೂ ಇಲ್ಲದೆ ಬಾಡಿಗೆಗೆ ತಂದುಕೊಂಡರು. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ಹೊಳೆಯ ಮರಳಿಗೆ ಒಗ್ಗಿದ ಕೈಗಳು, ನೀರು ಹೆಚ್ಚು ಬೇಡುವ, ಕರಣೆಗೆ ಒರಟಾದ, ಕಲ್ಲು ಪುಡಿಮಾಡಿದ ಎಂ-ಸ್ಯಾಂಡಿನೊಡನೆ ಮೊದಲು ಜಗಳವಾಡಿದರೂ, ಕಲಸಿ ಕಲಸಿ ಅದರ ಹದವನ್ನು ಕಂಡುಕೊಂಡವು. ನ್ಯಾಮತಿಯ ಕಡೆ ಮನೆ ಕಟ್ಟುವಲ್ಲಿ ಈಗ ಲೇಸರ್ ಮಟ್ಟವೂ ಬಂದಿದೆ. ಹೊರಗಿನ ಬಿಸಿಲಿನಲ್ಲಿ ಅದರ ಗೆರೆ ಕಣ್ಣಿಗೆ ಸರಿಯಾಗಿ ಕಾಣದಾದ್ದರಿಂದ, ಮೇಸ್ತ್ರಿಯು ಪಾಯದ ಮಟ್ಟವನ್ನು ಹಿಂದಿನಂತೆಯೇ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಹಿಡಿದು, ಗೋಡೆ ಎದ್ದು ಒಳಗೆ ನೆರಳಾದ ಮೇಲೆ ಟೈಲ್ಸಿನ ಕೆಲಸಕ್ಕೆ ಲೇಸರನ್ನು ಹೊರತೆಗೆಯುತ್ತಾನೆ.